ಫ್ಯಾಕ್ಟರಿ ನೋಡೋಕೆ ಹೋದರೆ ಹಿತ್ತಲಿಂದ ಶುರು ಮಾಡಿ

ಹಾಸನ, ಚಿಕ್ಕಮಗಳೂರು ಕಡೆ ಫ್ಯಾಕ್ಟರಿಗಳು ನೀರು ಎಲ್ಲಿಂದ ತರುತ್ತವೆ, ಬಳಸಿದ ನೀರನ್ನು ಹೇಗೆ ತೊಳೆದು ಮತ್ತೆ ಬಳಸುತ್ತವೆ ಅಂತ ನೋಡಲು ಹೊರಟವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ಡಿಪ್ಲೊಮಾ ಹುಡುಗರಿಗೆ ಪಾಠ ಮಾಡುವವನು. ವರ್ಷಕ್ಕೆ ಎರಡು ಮೂರು ಸಲ ಅವರನ್ನು ಕಟ್ಟಿಕೊಂಡು ಇಂಥ ಜಾಗಗಳಿಗೆ ಹೋಗುತ್ತೇನೆ. ಮೊದಲ ಸಲ ಚೆನ್ನಾಗಿ ಟೋಪಿ ಹಾಕಿಸಿಕೊಂಡು ಬಂದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಲವತ್ತು ಹುಡುಗರು, ಒಂದು ಬಸ್ಸು, ಬೆಳಿಗ್ಗೆ ಹತ್ತು ಗಂಟೆ. ಎಸಿ ಹಾಲಿನಲ್ಲಿ ಕೂರಿಸಿದರು, ಬಿಸ್ಕತ್ತು ಕೊಟ್ಟರು, ಪರದೆ ಮೇಲೆ ಒಂದೂವರೆ ಗಂಟೆ ಹಸಿರು ಬಾಣ, ನೀಲಿ ಬಾಣ ತೋರಿಸಿದರು. ಊಟದ ಹೊತ್ತಿಗೆ ಹತ್ತು ನಿಮಿಷ ಇಟಿಪಿ, ಅಂದರೆ ಕೊಳೆನೀರು ತೊಳೆಯುವ ಘಟಕದ ಕಡೆ ಕರೆದುಕೊಂಡು ಹೋದರು. ತೊಟ್ಟಿಯಲ್ಲಿ ಗುಳ್ಳೆ ಏಳುತ್ತಿತ್ತು, ಅದಕ್ಕೆ ಗಾಳಿ ಊದುವ ಬ್ಲೋವರ್ ಭೋರ್ ಅಂತ ಓಡುತ್ತಿತ್ತು, ಎಲ್ಲರೂ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡೆವು. ಒಬ್ಬ ಹುಡುಗ ಮಾತ್ರ ಬ್ಲೋವರ್ ಪೈಪಿನ ಹತ್ತಿರ ಕೈ ಹಿಡಿದು, 'ಸಾರ್, ಪೈಪ್ ತಣ್ಣಗಿದೆ' ಅಂದ. ಮುಟ್ಟಬೇಡ ಬಾರೋ ಅಂತ ಬೈದು ಎಳೆದುಕೊಂಡು ಬಂದೆ. ಅರ್ಧ ದಾರಿ ಬಂದ ಮೇಲೆ ಬಸ್ಸಿನಲ್ಲಿ ಹೊಳೆಯಿತು. ಬ್ಲೋವರ್ ಗಾಳಿಯನ್ನು ಒತ್ತಿ ತಳ್ಳುತ್ತದೆ, ಒತ್ತಿದ ಗಾಳಿ ಬಿಸಿಯಾಗುತ್ತದೆ, ಗಂಟೆಗಟ್ಟಲೆ ಓಡಿದ ಬ್ಲೋವರಿನ ಪೈಪ್ ಕೈ ಇಡಲಾಗದಷ್ಟು ಕಾದಿರಬೇಕು. ತಣ್ಣಗಿದೆ ಅಂದರೆ ನಾವು ಬರುತ್ತಿದ್ದೇವೆ ಅಂತ ಆಗ ತಾನೇ ಸ್ವಿಚ್ ಒತ್ತಿದ್ದಾರೆ. ಯಾವ ಫ್ಯಾಕ್ಟರಿ ಅಂತ ಕೇಳಬೇಡಿ. ಆ ಹುಡುಗನಿಗೆ ಆಂತರಿಕ ಅಂಕ ಪೂರ್ತಿ ಕೊಟ್ಟೆ.

ಅವತ್ತಿನಿಂದ ನಾನು ಹಾಲಿನಲ್ಲಿ ಕೂರುವುದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ಹಿತ್ತಲು. ನೀರು ಹೊರಗೆ ಹೋಗುವ ಜಾಗದಿಂದ ಶುರು ಮಾಡಿ, ಹಿಂದೆ ಹಿಂದೆ ನಡೆಯುತ್ತಾ ಬೋರ್‌ವೆಲ್ಲೋ ಹೇಮಾವತಿ ಪೈಪೋ ಒಳಗೆ ಬರುವ ಜಾಗಕ್ಕೆ ಬಂದು ನಿಲ್ಲುವುದು. ಹೀಗೆ ನಡೆದರೆ ಪ್ರತಿ ತೊಟ್ಟಿ ಹತ್ತಿರವೂ 'ಇದು ಇಷ್ಟು ಚೆನ್ನಾಗಿದೆಯಲ್ಲ, ಇದರ ಹಿಂದೆ ಏನು ಮಾಡಿದರು' ಅನ್ನುವ ಪ್ರಶ್ನೆ ತಾನಾಗಿಯೇ ಬರುತ್ತದೆ. ಮುಂದಿನಿಂದ ಹೋದರೆ ಹೇಳಿದ್ದಕ್ಕೆಲ್ಲ ಹೂಂ ಅನ್ನುವುದಷ್ಟೇ ಕೆಲಸ.

ಇಷ್ಟು ಮಳೆ ಬರುವ ಕಡೆ ನೀರು ಉಳಿಸುವುದನ್ನು ನೋಡಲು ಹೋಗುವುದೇನು ಅಂತ ಕೇಳುವವರಿದ್ದಾರೆ. ಸಕಲೇಶಪುರ, ಮೂಡಿಗೆರೆಯಲ್ಲಿ ಕೊಡೆ ಮಡಚಲು ಬಿಡದ ಮಳೆ. ಅದೇ ಜಿಲ್ಲೆಗಳ ಅರಸೀಕೆರೆ, ಕಡೂರಿನಲ್ಲಿ ಬೋರ್‌ವೆಲ್ ಕೊರೆದು ಕೊರೆದು ಸಾಲ ಮಾಡಿಕೊಂಡವರು. ಹಾಸನ ನಗರ ಕುಡಿಯುವುದು ಗೊರೂರಿನ ಹೇಮಾವತಿ ನೀರು. ಆ ಅಣೆಕಟ್ಟು ಮುಗಿದದ್ದು 1979ರಲ್ಲಿ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನಲ್ಲಿ, ಹೋಗಿ ಸೇರುವುದು ಕಾವೇರಿಯನ್ನು. ಅಂದರೆ ಇಲ್ಲಿ ಒಂದು ಫ್ಯಾಕ್ಟರಿ ಹಿತ್ತಲಿಂದ ಏನು ಬಿಡುತ್ತದೋ ಅದಕ್ಕೆ ಕೆಳಗೆ ಬಹಳ ಜನ ಬಾಯಿ ಒಡ್ಡಿಕೊಂಡು ಕೂತಿದ್ದಾರೆ.

ಎಲ್ಲಿಗೆ ಹೋಗಬೇಕು? ನಮ್ಮ ಕಡೆ ಮೂರು ಥರದ ಜಾಗ ನೋಡಿದರೆ ಸಾಕು. ಹಾಲಿನ ಡೇರಿ, ಬಟ್ಟೆಗೆ ಬಣ್ಣ ಹಾಕುವ ಘಟಕ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ. ಮೂರರ ಕೊಳೆಯೂ ಬೇರೆ ಬೇರೆ. ಹಾಗಾಗಿ ತೊಳೆಯುವ ರೀತಿಯೂ ಬೇರೆ.

ಮೊದಲು ಪತ್ರದ ವಿಷಯ. ಒಂದು ತಿಂಗಳು ಮುಂಚೆ ಬರೆಯಿರಿ. ಇಮೇಲ್ ಕಳಿಸಿ ಸುಮ್ನೆ ಕೂತರೆ ಉತ್ತರ ಬರುವುದಿಲ್ಲ. ಪ್ರಿಂಟ್ ತೆಗೆದು ಗೇಟಿನ ಸೆಕ್ಯೂರಿಟಿ ಹತ್ತಿರ ಇನ್‌ವರ್ಡ್ ಮಾಡಿಸಿ, ಸೀಲು ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಪತ್ರದಲ್ಲಿ 'ಕೈಗಾರಿಕಾ ಭೇಟಿ' ಅಂತ ಬರೆದರೆ ಎಚ್‌ಆರ್‌ನವರು ಎಸಿ ಹಾಲ್, ಬಿಸ್ಕತ್ತು, ಪರದೆ ವ್ಯವಸ್ಥೆ ಮಾಡುತ್ತಾರೆ. 'ನೀರು ಸರಬರಾಜು, ಇಟಿಪಿ, ನೀರಿನ ಮರುಬಳಕೆ, ಇಷ್ಟೇ ನೋಡಬೇಕು, ಉತ್ಪಾದನಾ ವಿಭಾಗ ಬೇಡ' ಅಂತ ನೇರ ಬರೆಯಿರಿ. ಬಹಳ ಕಡೆ ಇದರಿಂದ ಅನುಮತಿ ಸಲೀಸಾಗಿ ಸಿಗುತ್ತದೆ, ಯಾಕೆಂದರೆ ಅವರ ಭಯ ಇರುವುದು ಯಂತ್ರದ ಗುಟ್ಟಿನ ಬಗ್ಗೆ, ಹಿತ್ತಲಿನ ತೊಟ್ಟಿ ಬಗ್ಗೆ ಅಷ್ಟಿಲ್ಲ. ಹದಿನೈದು ಜನಕ್ಕಿಂತ ಜಾಸ್ತಿ ಬೇಡ. ನಲವತ್ತು ಜನ ಹೋದರೆ ಮುಂದಿನ ಐದು ಜನರಿಗೆ ಕೇಳಿಸುತ್ತದೆ, ಉಳಿದವರು ಹಿಂದೆ ರೀಲ್ಸ್ ಮಾಡುತ್ತಾರೆ. ಮಾರ್ಚ್ ಕೊನೆ ಬೇಡ, ಲೆಕ್ಕದ ಗಡಿಬಿಡಿ. ಎಲ್ಲರ ಆಧಾರ್ ಪ್ರತಿ ಒಂದೇ ಲಕೋಟೆಯಲ್ಲಿ ಇರಲಿ.

ಗೇಟಿನಲ್ಲಿ ಹೆಸರು ಬರೆಸಲು ಅರ್ಧ ಗಂಟೆ ನಿಲ್ಲಬೇಕಾಗುತ್ತದೆ ಅಲ್ವಾ, ಆಗ ಫೋನ್ ನೋಡುತ್ತಾ ನಿಲ್ಲಬೇಡಿ. ಅಪಾಯಕಾರಿ ತ್ಯಾಜ್ಯ ಬರುವ ಕಾರ್ಖಾನೆಗಳು ಅದರ ವಿವರವನ್ನು ಗೇಟಿನ ಹೊರಗೆ ಬೋರ್ಡ್ ಮೇಲೆ ಹಾಕಲೇಬೇಕು. ಇದು ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿದ್ದು. ಬೋರ್ಡ್ ಇದೆಯಾ, ತಾರೀಕು ಯಾವುದು, ಅಂಕಿಗಳು ಓದಲು ಬರುತ್ತವಾ, ಇಲ್ಲ ಎರಡು ವರ್ಷದ ಧೂಳು ಕೂತಿದೆಯಾ ನೋಡಿ. ಆ ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಒಳಗೆ ಹೇಳುವ ಲೆಕ್ಕಕ್ಕೆ ತಾಳೆ ಹಾಕಲು ಬೇಕಾಗುತ್ತದೆ. ಒಳಗೆ ಫೋನ್ ಬಿಡುವುದಿಲ್ಲ, ಹಾಗಾಗಿ ಪುಸ್ತಕ, ಪೆನ್ನು ಮರೆಯಬೇಡಿ. ಕೈಯಲ್ಲಿ ಒಂದು ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿರುವ ಉಪ್ಪಿನಂಶ ತೋರಿಸುವ ಮೀಟರ್ ಇದ್ದರೆ ಒಳ್ಳೆಯದು, ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ಕೇಳದೆ ಯಾವ ತೊಟ್ಟಿಗೂ ಅದ್ದಬೇಡಿ.

ಮುಚ್ಚಿದ ಬೂಟು, ಹತ್ತಿ ಬಟ್ಟೆ. ದುಪಟ್ಟಾ, ಸೆರಗು ಬಿಗಿಯಾಗಿ ಕಟ್ಟಿಕೊಳ್ಳಿ. ಡೇರಿಯಲ್ಲಿ ಬಳೆ, ವಾಚು ತೆಗೆಸಿ ತಲೆಗೆ ಟೋಪಿ ಹಾಕಿಸುತ್ತಾರೆ.

ಎರಡು ವಿಷಯದಲ್ಲಿ ಮಾತ್ರ ನಾನು ಹುಡುಗರ ಹತ್ತಿರ ಜೋರಾಗಿಯೇ ಇರುತ್ತೇನೆ. ಒಂದು, ಗಾಳಿ ಬಿಡುವ ತೊಟ್ಟಿಯ ಕಟ್ಟೆ ಮೇಲೆ ಹತ್ತುವ ಹಾಗಿಲ್ಲ, ಕಂಬಿಗೆ ಒರಗುವ ಹಾಗಿಲ್ಲ. ಕೆರೆಯಲ್ಲಿ ಈಜಿ ಬೆಳೆದವರೂ ಅಲ್ಲಿ ಬಿದ್ದರೆ ತೇಲುವುದು ಕಷ್ಟ, ಗುಳ್ಳೆ ತುಂಬಿದ ನೀರು ಮೈಯನ್ನು ಎತ್ತಿ ಹಿಡಿಯುವುದಿಲ್ಲ. ಎರಡು, ಮುಚ್ಚಿದ ಗುಂಡಿ, ಸಂಪ್, ಮ್ಯಾನ್‌ಹೋಲ್ ಒಳಗೆ ಬಗ್ಗಿ ಇಣುಕುವ ಹಾಗಿಲ್ಲ. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದು ಹೈಡ್ರೋಜನ್ ಸಲ್ಫೈಡ್. ಜಾಸ್ತಿಯಾದರೆ ಅದು ಮೂಗನ್ನೇ ಕೆಡಿಸುತ್ತದೆ, ವಾಸನೆ ಗೊತ್ತಾಗುವುದೇ ನಿಂತುಹೋಗುತ್ತದೆ. ವಾಸನೆ ಹೋಯಿತು, ಪರವಾಗಿಲ್ಲ ಅಂತ ಒಳಗಿಳಿದವರು ಮೇಲೆ ಬಂದಿಲ್ಲ.

ಸರಿ, ಹಿತ್ತಲಿಗೆ ಬಂದಿರಿ. ಕೊನೆಯ ತೊಟ್ಟಿಯಲ್ಲಿ ಸಾಮಾನ್ಯವಾಗಿ ಮೀನು ಬಿಟ್ಟಿರುತ್ತಾರೆ. ನೋಡಿ, ನಮ್ಮ ನೀರು ಎಷ್ಟು ಶುದ್ಧ ಅಂತ ತೋರಿಸಲು. ಮೀನು ನೋಡಿ ಮರುಳಾಗಬೇಡಿ. ತಿಲಾಪಿಯಾ ಥರದ ಮೀನು ಎಂಥ ನೀರಿನಲ್ಲೂ ಬದುಕುತ್ತದೆ. ಜೊತೆಗೆ ಬಂದ ಆಫೀಸರು ಫೋನಿನಲ್ಲಿ ಇರುವಾಗ ಅಲ್ಲಿನ ಆಪರೇಟರ್ ಹತ್ತಿರ ಮೆಲ್ಲಗೆ, 'ಅಣ್ಣಾ, ಮೀನು ವರ್ಷಕ್ಕೆ ಎಷ್ಟು ಸಲ ಬದಲಾಯಿಸುತ್ತೀರಿ' ಅಂತ ಕೇಳಿ. ಅವರು ನಕ್ಕರೆ ಉತ್ತರ ಸಿಕ್ಕಿತು. ಒಬ್ಬರು ಮಾತ್ರ ನಗದೆ, 'ಇದು ಮರಿ ಹಾಕಿ ಮೂರನೇ ತಲೆಮಾರು ಸಾರ್' ಅಂದಿದ್ದರು. ಆ ಪ್ಲಾಂಟ್ ನಿಜಕ್ಕೂ ಚೆನ್ನಾಗಿತ್ತು.

ಆಪರೇಟರನ್ನು ಬಿಡಬೇಡಿ. ಸಾಧ್ಯವಾದರೆ ರಾತ್ರಿ ಪಾಳಿ ಮಾಡುವವರೊಬ್ಬರ ಜೊತೆ ಮಾತಾಡಿ. ಕರೆಂಟ್ ಹೋದರೆ ಜನರೇಟರ್ ಮೇಲೆ ಬ್ಲೋವರ್ ಓಡುತ್ತದಾ, ಅಥವಾ ಜನರೇಟರ್ ಬರೀ ಉತ್ಪಾದನೆಗಾ? ಇದೊಂದು ಪ್ರಶ್ನೆಗೆ ಬರುವ ಉತ್ತರದಲ್ಲಿ ಆ ಕಂಪನಿ ನೀರಿಗೆ ಎಷ್ಟು ಬೆಲೆ ಕೊಡುತ್ತದೆ ಅಂತ ಗೊತ್ತಾಗುತ್ತದೆ. ತೊಟ್ಟಿಯೊಳಗೆ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ನಮ್ಮ ಹಾಗೆಯೇ ಗಾಳಿ ಬೇಕು, ಗಂಟೆಗಟ್ಟಲೆ ಗಾಳಿ ನಿಂತರೆ ಸಾಯಲು ಶುರುವಾಗುತ್ತವೆ, ಮತ್ತೆ ಬೆಳೆಸಲು ವಾರಗಳೇ ಬೇಕು.

ಆ ಬ್ಯಾಕ್ಟೀರಿಯಾಗಳ ಆರೋಗ್ಯ ನೋಡಲು ದೊಡ್ಡ ಲ್ಯಾಬ್ ಏನೂ ಬೇಡ. 'ಎಸ್‌ವಿ 30 ಮಾಡಿ ತೋರಿಸುತ್ತೀರಾ' ಅಂತ ಕೇಳಿ. ಗಾಳಿ ತೊಟ್ಟಿಯಿಂದ ಒಂದು ಮಗ್ ಕಂದು ನೀರು ತೆಗೆದು ಒಂದು ಲೀಟರಿನ ಗಾಜಿನ ಜಾಡಿಗೆ ಸುರಿದು ಬಿಸಿಲು ತಾಗದ ಕಡೆ ಇಡುತ್ತಾರೆ. ಅಲ್ಲಾಡಿಸುವ ಹಾಗಿಲ್ಲ. ಮೊದಲ ಎರಡು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಆ ಕಂದು ಬಣ್ಣ ಹತ್ತಿಯ ಹಾಗೆ ತುಣುಕು ತುಣುಕಾಗಿ ಒಡೆಯುತ್ತದೆ, ತುಣುಕುಗಳು ಒಂದಕ್ಕೊಂದು ಅಂಟಿಕೊಂಡು ಮೆಲ್ಲಗೆ ಕೆಳಗಿಳಿಯುತ್ತವೆ, ಮೇಲೆ ಬೆರಳಗಲ, ಆಮೇಲೆ ಗೇಣಗಲ ತಿಳಿನೀರು ಬಿಡುತ್ತಾ ಹೋಗುತ್ತದೆ. ಬೆಳಿಗ್ಗೆ ಕಾಫಿ ಪುಡಿಗೆ ಬಿಸಿನೀರು ಹಾಕಿಟ್ಟರೆ ಗಸಿ ಇಳಿಯುತ್ತದಲ್ಲ, ಹಾಗೆ. ಮೂವತ್ತು ನಿಮಿಷಕ್ಕೆ ಗಸಿ 300 ಮಿಲಿ ಗೆರೆಯ ಆಸುಪಾಸು ನಿಂತು ಮೇಲಿನ ನೀರು ತಿಳಿಯಾಗಿದ್ದರೆ ಪ್ಲಾಂಟ್ ಆರೋಗ್ಯವಾಗಿದೆ. 700, 800ರಲ್ಲೇ ಉಬ್ಬಿಕೊಂಡು ನಿಂತಿದ್ದರೆ ಏನೋ ಕೆಟ್ಟಿದೆ. 20, 30ರಲ್ಲಿ ಕೂತುಬಿಟ್ಟರೆ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾನೇ ಇಲ್ಲ, ಬರೀ ಗುಳ್ಳೆ ಎಬ್ಬಿಸುತ್ತಿದ್ದಾರೆ. ಮೂಗನ್ನೂ ಬಳಸಿ. ಒಳ್ಳೆಯ ತೊಟ್ಟಿ ನಾರುವುದಿಲ್ಲ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಆ ಅರ್ಧ ಗಂಟೆ ಅಲ್ಲೇ ನಿಲ್ಲಿ. ಕಾಯುವಾಗ ಆಪರೇಟರ್ ಹೇಳುವ ಮಾತು ಪರದೆ ಮೇಲೆ ಬರುವುದಿಲ್ಲ.

ಡೇರಿಯಲ್ಲಿ ಏನು ನೋಡಬೇಕು? ಹಾಸನ ಹಾಲು ಒಕ್ಕೂಟಕ್ಕೆ ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಗಳ ಹಾಲು ಬರುತ್ತದೆ. ಇಂಥ ಕಡೆ ನೀರು ಜಾಸ್ತಿ ಹೋಗುವುದು ಹಾಲಿಗಲ್ಲ, ಪೈಪು ತೊಳೆಯಲು. ಪೈಪು ಬಿಚ್ಚದೆಯೇ ನೀರು, ಕಾಸ್ಟಿಕ್, ಮತ್ತೆ ನೀರು, ಆಸಿಡ್, ಮತ್ತೆ ನೀರು ಅಂತ ಒಳಗೇ ಓಡಿಸುತ್ತಾರೆ. ಇದಕ್ಕೆ ಸಿಐಪಿ ಅನ್ನುತ್ತಾರೆ. ಇದರಲ್ಲಿ ಉಳಿತಾಯದ ಉಪಾಯ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ಕೊನೆಯ ಸಲ ಜಾಲಾಡಿದ ನೀರು ಹೆಚ್ಚುಕಡಿಮೆ ಶುದ್ಧವಾಗಿರುತ್ತದೆ, ಅದನ್ನು ಚೆಲ್ಲದೆ ಹಿಡಿದಿಟ್ಟು ಮುಂದಿನ ಸಲದ ಮೊದಲ ಜಾಲಾಟಕ್ಕೆ ಬಳಸುವುದು. ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲದೆ ಕಲಗಚ್ಚಿಗೆ ಸುರಿದ ಹಾಗೆ. ಆ ನೀರು ಹಿಡಿಯುವ ಟ್ಯಾಂಕ್ ತೋರಿಸಿ ಅಂತ ಕೇಳಿ.

ಹಾಲಿನ ಪುಡಿ ಮಾಡುವ ಕಡೆ ಹೋದರೆ ಇನ್ನೊಂದು ಮಜಾ ಇದೆ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ. ಅದನ್ನು ಕಾಯಿಸಿ ಆವಿ ಮಾಡಿ ತೆಗೆಯುತ್ತಾರೆ. ಆ ಆವಿಯನ್ನು ತಣಿಸಿದರೆ ನೀರು ಸಿಗುತ್ತದೆ. ಬಾಯ್ಲರಿಗೋ ಕೂಲಿಂಗ್ ಟವರಿಗೋ ತೊಳೆಯುವುದಕ್ಕೋ ಅದು ಆಗುತ್ತದೆ. ಹೊಳೆಯಿಂದಲೂ ಅಲ್ಲ, ಬೋರಿನಿಂದಲೂ ಅಲ್ಲ, ಹಸುವಿನಿಂದ ಬಂದ ನೀರು. ಇದನ್ನು ಹೇಳಿದಾಗ ಹುಡುಗರು ಮೊದಲ ಸಲ ಪೆನ್ನು ತೆಗೆಯುತ್ತಾರೆ.

ಬಟ್ಟೆಯ ಕಥೆ ಬೇರೆ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆ ಉದ್ಯಮ ದೊಡ್ಡದಾಗಿ ಬೆಳೆದಿದೆ. ಹತ್ತಿಗೆ ಬಣ್ಣ ಹಿಡಿಸಲು ಉಪ್ಪು ಬೇಕು, ಸಣ್ಣ ಪ್ರಮಾಣದಲ್ಲಲ್ಲ, ಮೂಟೆಗಟ್ಟಲೆ. ನೋಡಲು ಹೋದವರು ಬಣ್ಣದ ನೀರನ್ನೇ ನೋಡುತ್ತಾರೆ, ಬಣ್ಣವನ್ನು ತೆಗೆಯಬಹುದು. ಉಪ್ಪನ್ನು ಯಾವ ಬ್ಯಾಕ್ಟೀರಿಯಾವೂ ತಿನ್ನುವುದಿಲ್ಲ. ಅದಕ್ಕೇ ಇಲ್ಲಿ ಆರ್‌ಒ ಬರುವುದು. ಮನೆಯ ಆರ್‌ಒ ಪೆಟ್ಟಿಗೆಯಲ್ಲಿ ಒಂದು ಪೈಪಿನಿಂದ ಒಳ್ಳೆ ನೀರು, ಇನ್ನೊಂದರಿಂದ ರಿಜೆಕ್ಟ್ ನೀರು ಬರುತ್ತದಲ್ಲ, ಇಲ್ಲಿಯೂ ಹಾಗೆಯೇ. ಒಳ್ಳೆಯ ನೀರನ್ನು ಎಲ್ಲರೂ ತೋರಿಸುತ್ತಾರೆ, ಲೋಟಕ್ಕೆ ಹಿಡಿದು ಕುಡಿದೂ ತೋರಿಸುತ್ತಾರೆ. ನೀವು ರಿಜೆಕ್ಟ್ ಪೈಪ್ ಹಿಡಿದು ನಡೆಯಿರಿ. ಅದು ಎಲ್ಲಿಗೆ ಹೋಗುತ್ತದೆ? ಹೊರಗೆ ಒಂದು ಹನಿಯನ್ನೂ ಬಿಡುವುದಿಲ್ಲ ಅನ್ನುವ ಕಡೆ, ಅಂದರೆ ಜಡ್‌ಎಲ್‌ಡಿ ಅನ್ನುವ ಕಡೆ, ಅದು ಎವಾಪರೇಟರಿಗೆ ಹೋಗಿ, ನೀರೆಲ್ಲ ಆವಿಯಾಗಿ, ಕೊನೆಗೆ ಉಪ್ಪಿನ ಪುಡಿಯಾಗಿ ಚೀಲಕ್ಕೆ ಬೀಳಬೇಕು. ಆ ಚೀಲಗಳನ್ನು ನೋಡದೆ ವಾಪಸ್ ಬರಬೇಡಿ. ಎವಾಪರೇಟರ್ ಉಗಿಯನ್ನು ಕುಡಿಯುತ್ತದೆ, ಉಗಿಗೆ ಸೌದೆಯೋ ಕಲ್ಲಿದ್ದಲೋ ಬೇಕು, ಖರ್ಚು ಜಾಸ್ತಿ. ಕದಿಯುವವರು ಕದಿಯುವುದು ಇಲ್ಲೇ. ಹಾಗಾಗಿ ಚೀಲ ಎಲ್ಲಿ, ಎಷ್ಟು, ಕೊನೆಯ ಲಾರಿ ಯಾವತ್ತು ಹೋಯಿತು ಅಂತ ಕೇಳಿ.

ಇದೇನು ಅತಿ ಅನುಮಾನ ಅನ್ನಿಸಿದರೆ ತಮಿಳುನಾಡಿನ ತಿರುಪ್ಪೂರು ನೆನಪು ಮಾಡಿಕೊಳ್ಳಿ. ನಮ್ಮ ಹೇಮಾವತಿ ಹಾಗೆ ಅಲ್ಲಿನ ನೊಯ್ಯಲ್ ಕೂಡ ಕಾವೇರಿಯ ಉಪನದಿ. ಬಣ್ಣದ ಘಟಕಗಳ ಉಪ್ಪುನೀರು ನದಿಗೆ ಸೇರಿ, ಕೆಳಗಿನ ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ನಿಂತು, ರೈತರ ಜಮೀನು ಹಾಳಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನು ಮುಚ್ಚಲು ಹೇಳಿತು. ಹೊರಗೆ ಹನಿ ಬಿಡದ ವ್ಯವಸ್ಥೆ ಆಮೇಲೆ ಅಲ್ಲಿ ಗಟ್ಟಿಯಾಗಿ ಬೇರೂರಿತು.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪಲ್ಪರ್ ಮನೆ. ಇದನ್ನು ಫ್ಯಾಕ್ಟರಿ ಅಂತ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ನೀರಿನ ಪಾಠ ಇಲ್ಲಿ ಕಣ್ಣಳತೆಯಲ್ಲೇ ಮುಗಿಯುತ್ತದೆ. ಅರೇಬಿಕಾ ಕುಯ್ಲು ಹೆಚ್ಚುಕಡಿಮೆ ನವೆಂಬರ್‌ನಿಂದ ಜನವರಿ, ರೊಬಸ್ಟಾ ಅದರ ಹಿಂದೆಯೇ. ಬೆಳಿಗ್ಗೆ ಹತ್ತಕ್ಕೆ ಹೋದರೆ ಖಾಲಿ ಶೆಡ್ ನೋಡಿ ಬರಬೇಕು. ಆಳುಗಳು ಹಣ್ಣು ಕುಯ್ದು ತಂದು ತೂಕ ಮಾಡಿಸುವುದೇ ಸಂಜೆ ನಾಲ್ಕು ಐದಕ್ಕೆ. ಪಲ್ಪರ್ ಓಡುವುದು ಆಮೇಲೆ. ಸ್ವೆಟರ್ ಹಾಕಿಕೊಂಡು ಸಂಜೆ ಹೋಗಿ. ಎಸ್ಟೇಟ್ ಮಾಲೀಕರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದ ಮೇಲೆ ತೋಟದ ಲೆಕ್ಕ ನೋಡಿಕೊಳ್ಳುವ ರೈಟರನ್ನು ಹಿಡಿಯಿರಿ, ನಿಜವಾಗಿ ತೋರಿಸುವವರು ಅವರೇ.

ಹಣ್ಣನ್ನು ಮೊದಲು ನೀರಿನ ತೊಟ್ಟಿಗೆ ಸುರಿಯುತ್ತಾರೆ. ಜೊಳ್ಳು ತೇಲುತ್ತದೆ, ಗಟ್ಟಿ ಮುಳುಗುತ್ತದೆ. ಗಟ್ಟಿ ಹಣ್ಣು ಪಲ್ಪರಿಗೆ ಹೋಗಿ ಕೆಂಪು ಸಿಪ್ಪೆ ಒಂದು ಕಡೆ, ಲೋಳೆ ಹತ್ತಿದ ಬೀಜ ಇನ್ನೊಂದು ಕಡೆ ಬರುತ್ತದೆ. ಆ ಬೀಜವನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, ಸಾಬೂನು ಹಚ್ಚಿದ ಹಾಗೆ ಜಾರುತ್ತದೆ, ಬೆರಳ ಸಂದಿಯಿಂದ ಪುಳಕ್ ಅಂತ ಹಾರುತ್ತದೆ. ಆ ಲೋಳೆಯಲ್ಲಿ ಸಕ್ಕರೆ ಇದೆ. ಮೊದಲು ತೊಟ್ಟಿಯಲ್ಲಿ ಹುಳಿ ಬರಿಸಿ, ಆಮೇಲೆ ರಾಶಿ ನೀರಿನಲ್ಲಿ ತೊಳೆದು ಲೋಳೆ ತೆಗೆಯುತ್ತಿದ್ದರು. ಈಗ ಯಂತ್ರವೇ ಉಜ್ಜಿ ತೆಗೆಯುತ್ತದೆ, ಕಡಿಮೆ ನೀರು ಸಾಕು. ಚೆನ್ನಾಗಿ ನಡೆಸುವ ಕಡೆ ಪಲ್ಪರ್ ನೀರನ್ನು ಜರಡಿಯಲ್ಲಿ ಸೋಸಿ ಅವತ್ತಿನ ದಿನವೆಲ್ಲ ಸುತ್ತಿಸಿ ಸುತ್ತಿಸಿ ಬಳಸುತ್ತಾರೆ, ಕೊನೆಯ ತೊಳೆತಕ್ಕೆ ಮಾತ್ರ ಹೊಸ ನೀರು.

ಉಳಿದ ನೀರೇ ತಲೆನೋವು. ಸಕ್ಕರೆ ಹುಳಿಯಾಗಿ, ಹುಳಿ ಅಳೆಯುವ ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ. ಒಂದೆರಡು ದಿನದಲ್ಲಿ ನೀರು ಕಪ್ಪಗಾಗುತ್ತದೆ. ನೀರಿನ ಕೊಳೆ ತಿನ್ನಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆಗೆ ಬಿಒಡಿ ಅನ್ನುತ್ತಾರೆ. ಹೊಳೆಗೆ ಬಿಡುವ ನೀರಿನ ಬಿಒಡಿಗೆ ದೇಶದ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ, ಈ ನೀರಿನದ್ದು ಸಾವಿರಗಳ ಲೆಕ್ಕ. ಇದೆಲ್ಲ ಬರುವುದು ಹಳ್ಳಗಳು ಬತ್ತುವ ಕಾಲದಲ್ಲಿ. ಜುಲೈಯಲ್ಲಾದರೆ ಮಳೆನೀರು ತೇಲಿಸಿಕೊಂಡು ಹೋಗುತ್ತಿತ್ತು. ಜನವರಿಯ ಸಣ್ಣ ಹಳ್ಳಕ್ಕೆ ಬಿಟ್ಟರೆ ಮೀನೆಲ್ಲ ಹೊಟ್ಟೆ ಮೇಲೆ ಮಾಡುತ್ತವೆ. ಹಾಗಾಗಿ ಸುಣ್ಣ ಹಾಕಿ ಹುಳಿ ಮುರಿದು, ಗಾಳಿ ಇಲ್ಲದ ಹೊಂಡದಲ್ಲಿ ಕೊಳೆಸಿ, ಆಮೇಲೆ ಗಾಳಿ ಕೊಟ್ಟು ತಿಳಿ ಮಾಡಿ ತೋಟಕ್ಕೆ ಹಾಯಿಸುತ್ತಾರೆ. ಹೊಂಡದ ತಳಕ್ಕೆ ಶೀಟ್ ಹಾಸಿದ್ದಾರಾ, ಸುಣ್ಣದ ಚೀಲ ಹತ್ತಿರದಲ್ಲಿ ಇದೆಯಾ, ಪಿಎಚ್ ಕಾಗದ ಇದೆಯಾ ನೋಡಿ. ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗುತ್ತದಾ ಕೇಳಿ. ಇದರ ಹಿಂದಿನ ವಿಜ್ಞಾನ ಬೇಕಾದವರು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ ಪತ್ರ ಬರೆಯಬಹುದು, 1925ರಿಂದ ಕಾಫಿಯನ್ನೇ ಹಿಡಿದು ಕೂತಿರುವ ಜಾಗ.

ಕುದುರೆಮುಖದ ಬಗ್ಗೆಯೂ ಹುಡುಗರು ಕೇಳುತ್ತಾರೆ. ಅಲ್ಲಿನ ಗಣಿಯ ಕಬ್ಬಿಣದ ಅದಿರನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು, ಉಳಿದ ಹೂಳು ಲಕ್ಯಾ ಅಣೆಕಟ್ಟೆಯ ಹಿಂದೆ ನಿಲ್ಲುತ್ತಿತ್ತು. ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಅದು ಈಗ ರಾಷ್ಟ್ರೀಯ ಉದ್ಯಾನದ ಜಾಗ. ಅನುಮತಿ ಇಲ್ಲದೆ ಬೇಲಿ ಹಾರಬೇಡಿ.

ಎಲ್ಲಾ ಮುಗಿದ ಮೇಲೆ ಆ ಎಸಿ ಹಾಲ್‌ಗೆ ಬಂದು ಕೂತುಕೊಳ್ಳಿ. ಈಗ ಪರದೆ ಹಾಕಲಿ, ಬಿಸ್ಕತ್ತು ಕೊಡಲಿ. ದಿನಕ್ಕೆ ಒಳಗೆ ಬರುವ ಹೊಸ ನೀರು ಎಷ್ಟು, ಒಂದು ಕಿಲೋ ಬಟ್ಟೆಗೆ ಅಥವಾ ಒಂದು ಲೀಟರ್ ಹಾಲಿಗೆ ಎಷ್ಟು ಬಿತ್ತು, ವಾಪಸ್ ಎಷ್ಟು ಹೋಯಿತು, ಆವಿಯಾಗಿ ಎಷ್ಟು ಹೋಯಿತು ಅಂತ ಕೇಳಿ ಬೋರ್ಡಿನ ಮೇಲೆ ಕೂಡಿಸಿ ಕಳೆಯಿರಿ. ಲೆಕ್ಕ ತಾಳೆಯಾಗದಿದ್ದರೆ ಜಗಳ ಮಾಡಬೇಡಿ, 'ಸಾರ್, ಇದೊಂದು ಅರ್ಥ ಆಗಲಿಲ್ಲ' ಅನ್ನಿ. ಒಳ್ಳೆಯ ಎಂಜಿನಿಯರ್ ಆದರೆ ಅವರೇ ಎದ್ದು ಬಂದು ಸೀಮೆಸುಣ್ಣ ತೆಗೆದುಕೊಳ್ಳುತ್ತಾರೆ. 'ನಾವು ನೂರಕ್ಕೆ ನೂರು ಮರುಬಳಕೆ ಮಾಡುತ್ತೇವೆ' ಅನ್ನುವವರ ಹತ್ತಿರ, ಹಾಗಾದರೆ ಗೇಟಿನ ಹತ್ತಿರ ನೋಡಿದ ಟ್ಯಾಂಕರ್ ಯಾಕೆ ಬಂದಿತ್ತು ಅಂತ ನಯವಾಗಿ ಕೇಳಬಹುದು.

ವಾಪಸ್ ಬಂದು ಒಂದು ವಾರದೊಳಗೆ ಧನ್ಯವಾದದ ಪತ್ರ ಕಳಿಸಿ. ಮ್ಯಾನೇಜರ್ ಹೆಸರು ಹೇಗೂ ಬರೆಯುತ್ತೀರಿ, ಜಾಡಿ ಹಿಡಿದು ಅರ್ಧ ಗಂಟೆ ನಿಮ್ಮ ಜೊತೆ ನಿಂತ ಆಪರೇಟರ್ ಹೆಸರನ್ನೂ ಬರೆಯಿರಿ. ಅವರು ಗುಟ್ಟಾಗಿ ಹೇಳಿದ ಮೀನಿನ ವಿಷಯ ಮಾತ್ರ ಬರೆಯಬೇಡಿ.